ಒಂದು ಶೌಚಾಲಯ, ಎರಡು ಹನಿ



ಬಸ್ಸು ಯಾವುದಾದರೊಂದು ಊರನ್ನು ಸಮೀಪಿಸುವಾಗ ಕಿಟಕಿಯಾಚೆ ಮೊದಲು ಕಾಣುವುದು ಪೆಟ್ರೋಲ್ ಬಂಕು, ಆಮೇಲೊಂದು ಕಲ್ಯಾಣ ಮಂಟಪ, ಅದನ್ನು ದಾಟಿದರೆ ರಸ್ತೆಯಂಚಿನ ಕಬ್ಬಿಣದ ಕಂಬಕ್ಕೆ ಬಿಗಿದ ಹಲ್ಲುಚಕ್ರದ ಫಲಕ. ಚಕ್ರದ ಕೆಳಗೆ ಊರಿನ ಹೆಸರು, ‘ಸುಸ್ವಾಗತ’ ಎಂಬ ಅಕ್ಷರ. ಕರ್ನಾಟಕದ ಎಷ್ಟೋ ತಾಲ್ಲೂಕು ಕೇಂದ್ರಗಳ ಹೆಬ್ಬಾಗಿಲಿನಂತೆ ನಿಂತಿರುವ ರೋಟರಿ ಫಲಕ ಅದು. ದಿನವೂ ಕಾಣುವ ವಸ್ತುವಾದ್ದರಿಂದ ಯಾರೂ ನಿಂತು ನೋಡುವುದಿಲ್ಲ. ನಿಂತು ನೋಡಿದರೆ ಆ ಚಕ್ರಕ್ಕೆ 24 ಹಲ್ಲು, 6 ಕಡ್ಡಿ, ನಟ್ಟನಡುವಿನ ತೂತಿನ ಅಂಚಿನಲ್ಲಿ ಚೌಕಾಕಾರದ ಒಂದು ಸಣ್ಣ ಕಚ್ಚು ಕಾಣುತ್ತದೆ. ಆ ಕಚ್ಚಿಗೂ ಒಂದು ಕಥೆಯಿದೆ. ಅದು ಮುಂದೆ ಬರುತ್ತದೆ.

ಈ ಚಕ್ರ ಉರುಳಲು ಶುರುವಾದ ಊರು ಅಮೆರಿಕದ ಶಿಕಾಗೊ. 1893ರಲ್ಲಿ ಸ್ವಾಮಿ ವಿವೇಕಾನಂದರು ಮಾತನಾಡಿದ ಊರೆಂದು ಕನ್ನಡಿಗರಿಗೆಲ್ಲ ಅದರ ಹೆಸರು ಬಾಯಿಪಾಠ. ವಿವೇಕಾನಂದರು ಹೋಗಿ ಬಂದ ಮೂರೇ ವರ್ಷಕ್ಕೆ, 1896ರಲ್ಲಿ, ಅದೇ ಊರಿಗೆ ಒಬ್ಬ ಯುವ ವಕೀಲ ಬಂದಿಳಿದ. ಹೆಸರು ಪಾಲ್ ಹ್ಯಾರಿಸ್. ಆಗ ಅವನಿಗೆ 28 ವರ್ಷ. ಊರಿನಲ್ಲಿ ಕಚೇರಿ ತೆರೆದ, ಕಕ್ಷಿದಾರರೂ ಬಂದರು, ಹೊಟ್ಟೆಗೆ ತೊಂದರೆಯಾಗಲಿಲ್ಲ. ಕಾಡಿದ್ದು ಒಂಟಿತನ.

ಹ್ಯಾರಿಸ್ ಹುಟ್ಟಿದ್ದು ವಿಸ್ಕಾನ್ಸಿನ್ ರಾಜ್ಯದ ರೇಸೀನ್ ಪಟ್ಟಣದಲ್ಲಿ, 1868ರ ಏಪ್ರಿಲ್ 19ರಂದು. ತಂದೆಯ ವ್ಯಾಪಾರ ಕೈಕೊಟ್ಟಿತು. ಮೂರು ವರ್ಷದ ಕೂಸನ್ನು ವರ್ಮಾಂಟ್ ರಾಜ್ಯದ ವಾಲಿಂಗ್‌ಫರ್ಡ್ ಎಂಬ ಹಳ್ಳಿಯಲ್ಲಿದ್ದ ಅಜ್ಜ ಅಜ್ಜಿಯ ಮನೆಗೆ ತಂದು ಬಿಟ್ಟರು. ಬೆಟ್ಟಗಳ ನಡುವಿನ ಆ ಹಳ್ಳಿಯಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ಒಬ್ಬರ ಮನೆಯ ಕಷ್ಟ ಇನ್ನೊಬ್ಬರ ಮನೆಗೆ ತಿಳಿಯದೆ ಇರುತ್ತಿರಲಿಲ್ಲ. ಕಾನೂನು ಪದವಿ ಮುಗಿಸಿದ ಮೇಲೆ ಹ್ಯಾರಿಸ್ ಐದು ವರ್ಷ ದೇಶ ಸುತ್ತಿದ. ಪತ್ರಿಕಾ ವರದಿಗಾರನಾದ, ಹಣ್ಣಿನ ತೋಟದಲ್ಲಿ ಕೂಲಿ ಮಾಡಿದ, ನಾಟಕದಲ್ಲಿ ಬಣ್ಣ ಹಚ್ಚಿದ, ದನ ಸಾಗಿಸುವ ಹಡಗಿನಲ್ಲಿ ದುಡಿದು ಇಂಗ್ಲೆಂಡಿಗೆ ಹೋಗಿ ಬಂದ. ಇಷ್ಟೆಲ್ಲ ತಿರುಗಿದವನಿಗೆ ಕೊನೆಗೆ ನೆಲೆನಿಂತ ಊರಿನಲ್ಲಿ ಭಾನುವಾರ ಹೊತ್ತು ಕಳೆಯಲು ಒಬ್ಬ ಸ್ನೇಹಿತನಿರಲಿಲ್ಲ.

ಆ ಕಾಲದ ಶಿಕಾಗೊದಲ್ಲಿ 17 ಲಕ್ಷ ಜನ. ಹಳ್ಳಿ ಬಿಟ್ಟು ಬಂದವರು, ದೇಶ ಬಿಟ್ಟು ಬಂದವರು. ಪಕ್ಕದ ಕೊಠಡಿಯಲ್ಲಿ ಯಾರಿದ್ದಾರೆಂದು ತಿಳಿಯದ ಬಾಡಿಗೆ ಮನೆಗಳು. ತೀರ್ಥಹಳ್ಳಿಯಿಂದಲೋ ಗಜೇಂದ್ರಗಡದಿಂದಲೋ ಬೆಂಗಳೂರಿಗೆ ಬಂದು ಮೊದಲ ವರ್ಷ ಪಿ.ಜಿ.ಯಲ್ಲಿ ಕಳೆದವರಿಗೆ ಹ್ಯಾರಿಸ್‌ನ ಸಂಕಟವನ್ನು ಬಿಡಿಸಿ ಹೇಳಬೇಕಾಗಿಲ್ಲ. 1900ರ ಒಂದು ಸಂಜೆ ವಕೀಲ ಗೆಳೆಯನೊಬ್ಬ ಅವನನ್ನು ಊಟಕ್ಕೆ ಕರೆದ. ಊಟವಾದ ಮೇಲೆ ಇಬ್ಬರೂ ಗೆಳೆಯನಿದ್ದ ಬಡಾವಣೆಯಲ್ಲಿ ಅಡ್ಡಾಡಲು ಹೊರಟರು. ದಾರಿಯುದ್ದಕ್ಕೂ ಗೆಳೆಯ ಅಂಗಡಿಯವರನ್ನು ಹೆಸರು ಹಿಡಿದು ಮಾತನಾಡಿಸುತ್ತಿದ್ದ, ಅವರೂ ನಕ್ಕು ಮಾತನಾಡುತ್ತಿದ್ದರು. ಇಷ್ಟು ದೊಡ್ಡ ಊರಿನೊಳಗೆ ಗೆಳೆಯ ತನಗೊಂದು ಹಳ್ಳಿಯನ್ನು ಕಟ್ಟಿಕೊಂಡಿದ್ದ. ಹ್ಯಾರಿಸ್‌ನ ತಲೆಗೆ ಅದು ಹೊಕ್ಕಿತು. ಆದರೂ ಕೈಗೂಡಲು ಐದು ವರ್ಷ ಬೇಕಾಯಿತು.

1905ರ ಫೆಬ್ರವರಿ 23, ಗುರುವಾರ. ಹ್ಯಾರಿಸ್ ಮತ್ತು ಕಲ್ಲಿದ್ದಲು ವ್ಯಾಪಾರಿ ಸಿಲ್ವೆಸ್ಟರ್ ಶೀಲ್ ಇಬ್ಬರೂ ಮೇಡಂ ಗ್ಯಾಲಿ ಎಂಬಾಕೆಯ ಇಟಾಲಿಯನ್ ಹೋಟೆಲಿನಲ್ಲಿ ಊಟ ಮಾಡಿದರು. ಅಲ್ಲಿಂದ ಡಿಯರ್‌ಬಾರ್ನ್ ಬೀದಿಯ ಯೂನಿಟಿ ಕಟ್ಟಡಕ್ಕೆ ನಡೆದರು. ಅಲ್ಲಿನ 711ನೇ ಕೊಠಡಿ ಗಸ್ಟಾವಸ್ ಲೋರ್ ಎಂಬ ಗಣಿ ಎಂಜಿನಿಯರನ ಕಚೇರಿ. ನಾಲ್ಕನೆಯವನಾಗಿ ಹೈರಮ್ ಶೋರಿ ಎಂಬ ಬಟ್ಟೆ ವ್ಯಾಪಾರಿ ಮತ್ತು ದರ್ಜಿ ಅಲ್ಲಿದ್ದ. ಒಬ್ಬ ವಕೀಲ, ಒಬ್ಬ ಕಲ್ಲಿದ್ದಲಿನವ, ಒಬ್ಬ ಗಣಿಯವ, ಒಬ್ಬ ದರ್ಜಿ. ಚಿಕ್ಕ ಕಚೇರಿ, ಮೇಜು, ನಾಲ್ಕು ಕುರ್ಚಿ. ರೋಟರಿ ಹುಟ್ಟಿದ್ದು ಹೀಗೆ.

ಕೆಲವೇ ದಿನಗಳಲ್ಲಿ ಹ್ಯಾರಿ ರಗಲ್ಸ್ ಎಂಬ ಮುದ್ರಕ ಬಂದು ಸೇರಿಕೊಂಡ. ಸಭೆಯಲ್ಲಿ ಯಾರೋ ಒಬ್ಬರು ಅಸಭ್ಯ ಚುಟುಕು ಹೇಳಲು ಶುರುಮಾಡಿದಾಗ ರಗಲ್ಸ್ ಎದ್ದುನಿಂತು ದೊಡ್ಡ ದನಿಯಲ್ಲಿ ಹಾಡು ಎತ್ತಿದನಂತೆ, ಉಳಿದವರೂ ದನಿಗೂಡಿಸಿದರಂತೆ. ಕ್ಲಬ್ ಸಭೆಗಳಲ್ಲಿ ಹಾಡುವ ರೂಢಿ ಅಲ್ಲಿಂದ ಬಂತು ಎನ್ನುತ್ತಾರೆ. ಸಭೆ ಒಂದು ವಾರ ಇವರ ಕಚೇರಿಯಲ್ಲಿ, ಇನ್ನೊಂದು ವಾರ ಅವರ ಅಂಗಡಿಯಲ್ಲಿ, ಸರದಿಯ ಪ್ರಕಾರ ಸುತ್ತುತ್ತಿತ್ತು. ಸುತ್ತುವುದರಿಂದಲೇ ಅದಕ್ಕೆ ರೋಟರಿ ಎಂಬ ಹೆಸರಾಯಿತು.

ಆ ಮೊದಲ ದಿನಗಳ ರೋಟರಿಯನ್ನು ಸೇವಾ ಸಂಸ್ಥೆ ಎಂದರೆ ತಪ್ಪಾಗುತ್ತದೆ. ಒಂದೊಂದು ವೃತ್ತಿಗೆ ಒಬ್ಬನೇ ಸದಸ್ಯ ಎಂಬುದು ನಿಯಮ. ಸ್ಪರ್ಧಿಗಳಿಲ್ಲದ ಕಾರಣ ಒಬ್ಬರು ಇನ್ನೊಬ್ಬರಿಗೆ ನಿಶ್ಚಿಂತೆಯಿಂದ ವ್ಯಾಪಾರ ಕೊಡಬಹುದಿತ್ತು. ಕಲ್ಲಿದ್ದಲು ಬೇಕಾದವನು ಶೀಲ್‌ನ ಹತ್ತಿರ, ಕೋಟು ಬೇಕಾದವನು ಶೋರಿಯ ಹತ್ತಿರ, ಬಿಲ್ ಪುಸ್ತಕ ಅಚ್ಚು ಹಾಕಿಸುವವನು ರಗಲ್ಸ್‌ನ ಹತ್ತಿರ ಹೋಗುತ್ತಿದ್ದ. ಯಾರು ಯಾರಿಗೆ ಎಷ್ಟು ವ್ಯಾಪಾರ ಕೊಟ್ಟರೆಂದು ಲೆಕ್ಕ ಬರೆದಿಡಲು ಒಬ್ಬ ಪದಾಧಿಕಾರಿಯೂ ಇದ್ದ. ಕ್ಲಬ್ಬಿನ ಧ್ಯೇಯಗಳು ಎರಡೇ: ಸದಸ್ಯರ ವ್ಯಾಪಾರ ಬೆಳೆಯುವುದು, ಸದಸ್ಯರ ಸ್ನೇಹ ಬೆಳೆಯುವುದು. ಅದರಲ್ಲಿ ಪಾಪವೇನೂ ಇಲ್ಲ. ನಂಬಿಕಸ್ಥ ಗಿರಾಕಿಗೂ ಗೆಳೆತನಕ್ಕೂ ಹಾತೊರೆಯುವುದು ಮನುಷ್ಯಸಹಜ. ಆದರೆ ಅಷ್ಟಕ್ಕೇ ನಿಂತಿದ್ದರೆ ಇವತ್ತು ಅದನ್ನು ನೆನೆಯುವವರು ಯಾರೂ ಇರುತ್ತಿರಲಿಲ್ಲ.

ಕಥೆ ತಿರುಗಿದ್ದು 1906ರಲ್ಲಿ. ಫ್ರೆಡರಿಕ್ ಟ್ವೀಡ್ ಎಂಬ ಸದಸ್ಯ ತನಗೆ ಪರಿಚಯವಿದ್ದ ಡೊನಾಲ್ಡ್ ಕಾರ್ಟರ್ ಎಂಬ ಪೇಟೆಂಟ್ ವಕೀಲನನ್ನು ಕ್ಲಬ್ಬಿಗೆ ಸೇರಲು ಕರೆದ. ಸೇರಿದರೆ ಆಗುವ ಲಾಭವನ್ನೆಲ್ಲ ವಿವರಿಸಿದ. ಕಾರ್ಟರ್ ಪೂರ್ತಿ ಕೇಳಿಸಿಕೊಂಡ, ಸೇರಲು ಒಪ್ಪಲಿಲ್ಲ. ಇದೆಲ್ಲ ಒಳಗಿರುವವರಿಗಾಯಿತು, ಹೊರಗಿರುವವರಿಗೆ ಇದರಿಂದ ಏನು ಸಿಗುತ್ತದೆ ಎಂಬುದು ಅವನ ತಕರಾರು. ತನ್ನವರಿಗಷ್ಟೇ ದುಡಿಯುವ ಸಂಘಕ್ಕೆ ಬಹಳ ಕಾಲ ಆಯುಸ್ಸಿಲ್ಲ, ಊರಿಗಾಗಿ ಏನಾದರೂ ಮಾಡಿದರೆ ಉಳಿಯುತ್ತದೆ ಎಂದು ನೇರವಾಗಿ ಹೇಳಿದ. ಟ್ವೀಡ್ ಬೇಸರಪಟ್ಟುಕೊಳ್ಳಲಿಲ್ಲ, ಆ ಮಾತನ್ನು ತಂದು ಹ್ಯಾರಿಸ್‌ನ ಕಿವಿಗೆ ಹಾಕಿದ. ಹ್ಯಾರಿಸ್‌ಗೆ ಅದು ನಾಟಿತು. ಹೊರಗಿನಿಂದ ಆಕ್ಷೇಪಿಸಿದವನನ್ನೇ ಒಳಗೆ ಕರೆದು ನಿಯಮಾವಳಿ ತಿದ್ದಲು ಕೂರಿಸಿದರು. ಶಿಕಾಗೊ ನಗರದ ಹಿತ ಕಾಯುವುದು, ನಾಗರಿಕರಲ್ಲಿ ತಮ್ಮ ಊರೆಂಬ ಅಭಿಮಾನ ಬೆಳೆಸುವುದು ಎಂಬ ಮೂರನೆಯ ಧ್ಯೇಯ ಸೇರಿತು. ಜಗತ್ತಿನ ಸೇವಾ ಕ್ಲಬ್ಬುಗಳ ಚರಿತ್ರೆಯಲ್ಲಿ ಕಾರ್ಟರ್‌ನ ಆ ನಿರಾಕರಣೆಗಿಂತ ದೊಡ್ಡ ಘಟನೆ ಇನ್ನೊಂದಿಲ್ಲ.

ಸರಿ, ಊರಿಗೆ ಏನಾದರೂ ಮಾಡಬೇಕು. ಏನು ಮಾಡುವುದು? ಊರೂರು ಸುತ್ತಿ ಜನರ ಕೆಲಸ ಮಾಡುತ್ತಿದ್ದ ಬಡವರೊಬ್ಬರ ಕುದುರೆ ಸತ್ತಾಗ ಸದಸ್ಯರು ಹಣ ಕೂಡಿಸಿ ಇನ್ನೊಂದು ಕುದುರೆ ಕೊಡಿಸಿದ ಸಣ್ಣ ಕಥೆಯೊಂದು ರೋಟರಿಯವರ ನಡುವೆ ಚಾಲ್ತಿಯಲ್ಲಿದೆ. ಆದರೆ ಇಡೀ ಕ್ಲಬ್ ಸೊಂಟ ಕಟ್ಟಿ ನಿಂತ ಮೊದಲ ಸಾರ್ವಜನಿಕ ಕೆಲಸ ಬೇರೆ. 1907ರಲ್ಲಿ ಹ್ಯಾರಿಸ್ ಅಧ್ಯಕ್ಷನಾದ. ಆಗ ಶುರುವಾದದ್ದು ಪೇಟೆಯ ನಡುವೆ ಸಾರ್ವಜನಿಕ ಶೌಚಾಲಯ ಕಟ್ಟಿಸುವ ಹೋರಾಟ.

ಪ್ರತಿಮೆಯೂ ಅಲ್ಲ, ಗಡಿಯಾರ ಗೋಪುರವೂ ಅಲ್ಲ, ಶೌಚಾಲಯ. ಅಷ್ಟು ಜನ ಓಡಾಡುವ ಪೇಟೆಯಲ್ಲಿ ದಾರಿಹೋಕನಿಗೆ, ಸಾಮಾನು ಕೊಳ್ಳಲು ಬಂದ ಹೆಂಗಸಿಗೆ, ಬಂಡಿ ಹೊಡೆಯುವವನಿಗೆ ದುಡ್ಡು ಬಿಚ್ಚದೆ ಹೋಗಲು ಒಂದು ಜಾಗವಿರಲಿಲ್ಲ. ಈ ಮಾತು ಎತ್ತಿದ ಕೂಡಲೇ ಎರಡು ಕಡೆಯಿಂದ ಬಲವಾದ ವಿರೋಧ ಬಂತು ಎಂದು ಹ್ಯಾರಿಸ್ ಮುಂದೆ ಬರೆದುಕೊಂಡಿದ್ದಾನೆ. ಒಂದು ಕಡೆ ಬಿಯರ್ ತಯಾರಕರು. ಊರಿನಲ್ಲಿ 6,000 ಮದ್ಯದಂಗಡಿಗಳಿವೆ, ಗಂಡಸರಿಗೆ ಅಲ್ಲೆಲ್ಲ ಅನುಕೂಲವಿದೆ ಎಂಬುದು ಅವರ ವಾದ. ಇನ್ನೊಂದು ಕಡೆ ಸ್ಟೇಟ್ ಬೀದಿಯ ದೊಡ್ಡ ಮಳಿಗೆಗಳ ಮಾಲೀಕರು. ಹೆಂಗಸರು ನಮ್ಮ ಮಳಿಗೆಗೆ ಬರಲಿ, ಅಲ್ಲಿ ಪುಕ್ಕಟೆ ವ್ಯವಸ್ಥೆಯಿದೆ ಎಂದು ಅವರು. ಕ್ಲಬ್ಬಿನವರ ಉತ್ತರ ಸರಳವಾಗಿತ್ತು. ಗಂಡಸು ಶೌಚಕ್ಕೆ ಹೋಗಬೇಕಾದರೆ ಬಿಯರ್ ಕುಡಿಯಬೇಕೆ? ಹೆಂಗಸು ಹೋಗಬೇಕಾದರೆ ಸೀರೆಯಂಗಡಿಗೆ ನುಗ್ಗಿ ಬೇಡದ ವಸ್ತು ಕೊಳ್ಳಬೇಕೆ? ಶಿಕಾಗೊದಲ್ಲಿ ಅದು ಗೌನಿನ ಅಂಗಡಿ, ನಮ್ಮಲ್ಲಿ ಸೀರೆಯಂಗಡಿ, ಪ್ರಶ್ನೆ ಒಂದೇ.

ಕ್ಲಬ್ ತಾನೊಂದೇ ಹೋರಾಡಲಿಲ್ಲ. ಊರಿನ ಬೇರೆ ಬೇರೆ ಸಂಘಟನೆಗಳನ್ನು ಒಂದೆಡೆ ಕರೆದು ಕೂರಿಸಿ ಜಂಟಿ ಸಮಿತಿ ಮಾಡಿತು, ನಗರಾಡಳಿತದ ಬೆನ್ನು ಹತ್ತಿತು. ಅರ್ಜಿ, ಸಭೆ, ಮತ್ತೆ ಅರ್ಜಿ. ಎರಡು ವರ್ಷ ಹೀಗೆ ನಡೆಯಿತು. ಕೊನೆಗೆ ನಗರಾಡಳಿತ 20,000 ಡಾಲರ್ ಮಂಜೂರು ಮಾಡಿತು. 1909ರಲ್ಲಿ ನಗರಸಭೆಯ ಕಟ್ಟಡದ ಬಳಿ ಶೌಚಾಲಯದ ಬಾಗಿಲು ತೆರೆಯಿತು. ಕ್ಲಬ್ ತನ್ನ ಜೇಬಿನಿಂದ ಕಟ್ಟಿಸಿಕೊಟ್ಟು ಫಲಕ ಹಾಕಿಸಿಕೊಳ್ಳಲಿಲ್ಲ, ಸರ್ಕಾರ ಮಾಡಬೇಕಾದ ಕೆಲಸವನ್ನು ಸರ್ಕಾರದಿಂದಲೇ ಮಾಡಿಸಿತು ಎಂಬುದನ್ನು ಗಮನಿಸಬೇಕು. ನಮ್ಮ ಊರುಗಳಲ್ಲಿ ದಾನಿಗಳ ಹೆಸರು ಕೆತ್ತಿದ ಎಷ್ಟೋ ಶೌಚಾಲಯಗಳು ನೀರಿನ ಸಂಪರ್ಕವಿಲ್ಲದೆ ಬೀಗ ಜಡಿದುಕೊಂಡು ನಿಂತಿವೆ. ಕಟ್ಟಿಸಿದವರ ಮನಸ್ಸು ಒಳ್ಳೆಯದೇ. ಆದರೆ ಕಟ್ಟಿದ ಮರುದಿನದಿಂದ ನೀರು ಬಿಡುವವರು ಯಾರು, ತೊಳೆಯುವವರಿಗೆ ಸಂಬಳ ಕೊಡುವವರು ಯಾರು ಎಂಬುದು ಇತ್ಯರ್ಥವಾಗದೆ ಹೋದರೆ ಹೆಣ್ಣುಮಕ್ಕಳು ಮೊದಲಿನಂತೆಯೇ ನೀರು ಕುಡಿಯದೆ ಶಾಲೆಗೆ ಹೋಗುತ್ತಾರೆ. ಶಿಕಾಗೊದ ಆ ಎರಡು ವರ್ಷದ ಓಡಾಟವನ್ನು ಇಲ್ಲಿನ ಪ್ರತಿಯೊಂದು ಸೇವಾ ಸಂಸ್ಥೆಯೂ ಓದಿಕೊಳ್ಳಬೇಕು.

ಈ ದಾರಿ ಎಲ್ಲ ಸದಸ್ಯರಿಗೂ ಹಿಡಿಸಿತೆಂದಲ್ಲ. ವಾರಕ್ಕೊಮ್ಮೆ ಸೇರಿ ಉಂಡು, ಹಾಡಿ, ನಾಲ್ಕು ಕಾಸಿನ ವ್ಯಾಪಾರ ಮಾಡಿಕೊಳ್ಳಲು ಬಂದವರಿಗೆ ಊರ ಉಸಾಬರಿ ಯಾಕೆ ಎನ್ನಿಸಿತು. ಬೇರೆ ಊರುಗಳಲ್ಲೂ ಕ್ಲಬ್ ಬೇಕೆಂದು ಹ್ಯಾರಿಸ್ ಹೇಳಿದಾಗಲೂ ಒಳಗೆ ಗೊಣಗಾಟವಿತ್ತು. 711ನೇ ಕೊಠಡಿಯ ಒಡೆಯ ಲೋರ್ ಬಹಳ ದಿನ ಉಳಿಯಲೂ ಇಲ್ಲ. ಆದರೂ 1908ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಎರಡನೆಯ ಕ್ಲಬ್ ಹುಟ್ಟಿತು. 1910ರ ಹೊತ್ತಿಗೆ 16 ಕ್ಲಬ್ಬುಗಳಾಗಿ ಒಂದು ಒಕ್ಕೂಟವಾಯಿತು, ಆಮೇಲೆ ಅದು ಕೆನಡಾ, ಐರ್ಲೆಂಡ್ ಕಡೆಗೂ ಹರಡಿತು. ಭಾರತದ ಮೊದಲ ಕ್ಲಬ್ ಕಲ್ಕತ್ತದಲ್ಲಿ 1919ರಲ್ಲಿ ಆರಂಭವಾಯಿತು. ಬೆಂಗಳೂರಿಗೆ ಬಂದದ್ದು 1934ರಲ್ಲಿ. ಲಯನ್ಸ್ ಕ್ಲಬ್ ಕೂಡ ಹುಟ್ಟಿದ್ದು ಇದೇ ಶಿಕಾಗೊದಲ್ಲಿ, 1917ರಲ್ಲಿ. ಮೆಲ್ವಿನ್ ಜೋನ್ಸ್ ಎಂಬ ವಿಮಾ ವ್ಯಾಪಾರಿಯೂ ಕಾರ್ಟರ್ ಎತ್ತಿದಂಥದೇ ಪ್ರಶ್ನೆಯನ್ನು ತನ್ನ ವ್ಯಾಪಾರಿ ಗೆಳೆಯರ ಮುಂದಿಟ್ಟಿದ್ದ. 1925ರಲ್ಲಿ ಹೆಲೆನ್ ಕೆಲರ್ ಲಯನ್ಸ್ ಸಮಾವೇಶಕ್ಕೆ ಬಂದು ಅಂಧರ ಪರವಾಗಿ ನಿಲ್ಲಿ ಎಂದು ಕೇಳಿಕೊಂಡರು. ನಮ್ಮ ಪೇಟೆಗಳ ಲಯನ್ಸ್ ಕಣ್ಣಿನ ಶಿಬಿರಗಳ ಬೇರು ಅಲ್ಲಿದೆ.

ಈಗ ಆ ಕಚ್ಚಿನ ವಿಷಯ. ಮೊದಲ ದಿನಗಳಲ್ಲಿ ಮಾಂಟೇಗ್ ಬೇರ್ ಎಂಬ ಅಚ್ಚು ಕೆತ್ತುವ ಸದಸ್ಯ ಬಿಡಿಸಿದ್ದು ಸಾದಾ ಬಂಡಿಯ ಗಾಲಿಯನ್ನು. ಆಮೇಲೆ ಅದಕ್ಕೆ ಹಲ್ಲು ಬಂದು ಯಂತ್ರದ ಚಕ್ರವಾಯಿತು. ಆಗ ಯಂತ್ರ ಬಲ್ಲವರು ಒಂದು ಕೊರತೆ ತೋರಿಸಿದರು. ಚಕ್ರವನ್ನು ಶಾಫ್ಟಿಗೆ ಹಿಡಿದಿಡುವ ಬೆಣೆ ಕೂರಲು ಕಚ್ಚು ಇಲ್ಲದಿದ್ದರೆ ಶಾಫ್ಟ್ ತಿರುಗಿದರೂ ಚಕ್ರ ತಿರುಗುವುದಿಲ್ಲ, ಚಕ್ರ ತಿರುಗಿದರೂ ಶಾಫ್ಟಿಗೆ ಶಕ್ತಿ ಹೋಗುವುದಿಲ್ಲ. ಸುಮ್ಮನೆ ಸುತ್ತುವ ಚಕ್ರ ಅದು. 1920ರ ದಶಕದಲ್ಲಿ ನಡುವಿನ ತೂತಿಗೆ ಕಚ್ಚು ಕೊರೆದ ಚಿತ್ರವೇ ಅಧಿಕೃತ ಲಾಂಛನವಾಯಿತು. ಗ್ಯಾರೇಜಿನಲ್ಲಿ ದುಡಿಯುವ ಹುಡುಗನಿಗೆ ಈ ಫಲಕ ತೋರಿಸಿದರೆ, ಕಚ್ಚು ಯಾಕಿದೆ ಎಂದು ಅವನು ಒಂದೇ ಉಸಿರಿನಲ್ಲಿ ಹೇಳುತ್ತಾನೆ.

ಶಿಕಾಗೊ ಕ್ಲಬ್ಬಿನ ಇನ್ನೊಬ್ಬ ಸದಸ್ಯನ ಕಾಣಿಕೆ ನಮ್ಮ ರೋಟರಿ ಭವನಗಳ ಗೋಡೆಯ ಮೇಲೆ ತೂಗುತ್ತಿದೆ. ಹರ್ಬರ್ಟ್ ಟೇಲರ್ 1932ರಲ್ಲಿ, ಆರ್ಥಿಕ ಮುಗ್ಗಟ್ಟಿನ ನಡುವೆ, ದಿವಾಳಿಯ ಅಂಚಿನಲ್ಲಿದ್ದ ಅಲ್ಯೂಮಿನಿಯಂ ಪಾತ್ರೆಗಳ ಕಂಪನಿಯೊಂದನ್ನು ವಹಿಸಿಕೊಂಡ. ಕೈಯಲ್ಲಿ ಹಣವಿರಲಿಲ್ಲ, ತಲೆಯ ಮೇಲೆ ಸಾಲವಿತ್ತು. ಯಾವುದೇ ಮಾತಿಗೆ, ಕೆಲಸಕ್ಕೆ ಮುನ್ನ ಕೇಳಿಕೊಳ್ಳಬೇಕಾದ ನಾಲ್ಕು ಪ್ರಶ್ನೆಗಳನ್ನು ಒಂದು ಚೀಟಿಯಲ್ಲಿ ಬರೆದು ಮೇಜಿನ ಮೇಲಿಟ್ಟುಕೊಂಡ. ಒಂದು ಸತ್ಯದ ಬಗ್ಗೆ, ಇನ್ನೊಂದು ನ್ಯಾಯದ ಬಗ್ಗೆ, ಮತ್ತೊಂದು ಸ್ನೇಹದ ಬಗ್ಗೆ, ಕೊನೆಯದು ಎಲ್ಲರ ಹಿತದ ಬಗ್ಗೆ. ಮೊದಲ ಪೆಟ್ಟು ಬಿದ್ದದ್ದು ತನ್ನದೇ ಜಾಹೀರಾತುಗಳಿಗೆ. ನಮ್ಮ ಪಾತ್ರೆಯೇ ಜಗತ್ತಿನಲ್ಲಿ ಶ್ರೇಷ್ಠ ಎಂಬಂಥ ಮಾತನ್ನು ಸಾಬೀತು ಮಾಡಲಾಗದು, ಆದ್ದರಿಂದ ಹೊಡೆದು ಹಾಕಿ ಎಂದ. ಪಾತ್ರೆಯ ಗುಣವನ್ನಷ್ಟೇ ಹೇಳಿ ಮಾರಿದರು. ಕಂಪನಿ ಸಾಲ ತೀರಿಸಿ ಎದ್ದು ನಿಂತಿತು.

ಬಾಗಿಲು ತೆರೆಯುವ ಮಾತಿನಲ್ಲಿ ರೋಟರಿ ಬಹಳ ವರ್ಷ ತಾನೇ ಸೋತಿತ್ತು ಎಂಬುದನ್ನೂ ಹೇಳಬೇಕು. ಶೌಚಾಲಯ ಹೆಂಗಸರಿಗೂ ಬೇಕೆಂದು ಹೋರಾಡಿದ ಸಂಸ್ಥೆ ಹೆಂಗಸರನ್ನು ಸದಸ್ಯರಾಗಿ ಸೇರಿಸಿಕೊಳ್ಳುತ್ತಿರಲಿಲ್ಲ. 1977ರಲ್ಲಿ ಕ್ಯಾಲಿಫೋರ್ನಿಯಾದ ಡುವಾರ್ಟೆ ಎಂಬ ಸಣ್ಣ ಊರಿನ ಕ್ಲಬ್ ಮೂವರು ಮಹಿಳೆಯರನ್ನು ಸೇರಿಸಿಕೊಂಡಿತು. ಮಾರನೆಯ ವರ್ಷವೇ ಮೇಲಿನವರು ಆ ಕ್ಲಬ್ಬಿನ ಮಾನ್ಯತೆ ರದ್ದು ಮಾಡಿದರು. ಡುವಾರ್ಟೆಯವರು ಜಗ್ಗಲಿಲ್ಲ. ಕೋಟಿನ ಮೇಲಿನ ಚಕ್ರದ ಬಿಲ್ಲೆಗೆ ಅಡ್ಡ ಗೀಟು ಎಳೆದುಕೊಂಡು, ‘ಮಾಜಿ ರೋಟರಿ ಕ್ಲಬ್’ ಎಂದು ಕರೆದುಕೊಂಡು ಮೊದಲಿನಂತೆಯೇ ಕೆಲಸ ಮಾಡಿದರು, ನ್ಯಾಯಾಲಯಕ್ಕೂ ಹೋದರು. 1987ರ ಮೇ 4ರಂದು ಅಮೆರಿಕದ ಸುಪ್ರೀಂ ಕೋರ್ಟು ಅವರ ಪರವಾದ ತೀರ್ಪು ಕೊಟ್ಟಿತು. ಆ ವರ್ಷವೇ ಸಿಲ್ವಿಯಾ ವಿಟ್ಲಾಕ್ ಎಂಬ ಶಾಲಾ ಮುಖ್ಯಸ್ಥೆ ಡುವಾರ್ಟೆ ಕ್ಲಬ್ಬಿನ ಅಧ್ಯಕ್ಷೆಯಾದರು. 1989ರಲ್ಲಿ ಎಲ್ಲ ದೇಶಗಳಲ್ಲೂ ನಿಯಮ ಬದಲಾಯಿತು. ಇಂದು ಜುಲೈ ತಿಂಗಳ ಪದಗ್ರಹಣದ ಆಮಂತ್ರಣ ಪತ್ರಿಕೆಗಳಲ್ಲಿ ‘ರೋ.’ ಎಂಬ ಅಕ್ಷರದ ಮುಂದೆ ಮಹಿಳೆಯರ ಹೆಸರು ಕಂಡಾಗ ಅದರ ಹಿಂದೆ ಹತ್ತು ವರ್ಷದ ವ್ಯಾಜ್ಯವಿದೆ ಎಂಬುದು ನೆನಪಿರಲಿ. ಇಡೀ ಸಂಸ್ಥೆಗೆ ಮಹಿಳೆಯೊಬ್ಬರು ಅಧ್ಯಕ್ಷರಾಗಲು 2022ರವರೆಗೆ ಕಾಯಬೇಕಾಯಿತು. ಅವರು ಕೆನಡಾದ ಜೆನಿಫರ್ ಜೋನ್ಸ್.

ಇನ್ನು ಪೋಲಿಯೊದ ಎರಡು ಹನಿಯ ಕಥೆ.

1907ರ ಮೇ ತಿಂಗಳಲ್ಲಿ ಒಹಾಯೊ ರಾಜ್ಯದ ಎಲಿರಿಯಾ ಎಂಬ ಊರಿನಲ್ಲಿ ಟ್ರಾಮುಗಳು ಡಿಕ್ಕಿ ಹೊಡೆದು ಹಲವರು ಸತ್ತರು. ಊರಿನಲ್ಲಿ ಸರಿಯಾದ ಆಸ್ಪತ್ರೆಯಿರಲಿಲ್ಲ. ಸತ್ತವರಲ್ಲಿ ಎಡ್ಗರ್ ಅಲೆನ್ ಎಂಬ ವ್ಯಾಪಾರಿಯ ಮಗನೂ ಒಬ್ಬ. ಅಲೆನ್ ತನ್ನ ವ್ಯಾಪಾರ ಬಿಟ್ಟು ಊರಿಗೊಂದು ಆಸ್ಪತ್ರೆ ಕಟ್ಟಿಸಲು ಓಡಾಡಿದ. ಆಸ್ಪತ್ರೆ ಎದ್ದ ಮೇಲೆ ಕೈಕಾಲು ಊನವಾದ ಮಕ್ಕಳ ಪಾಡು ಅವನ ಕಣ್ಣಿಗೆ ಬಿತ್ತು. ಮನೆಯ ಮೂಲೆಯಲ್ಲಿ ಯಾರ ಕಣ್ಣಿಗೂ ಬೀಳದಂತೆ ಇಟ್ಟಿದ್ದ ಮಕ್ಕಳು ಅವರು. ರೋಟರಿಯವರ ಬೆಂಬಲದಿಂದ 1919ರಲ್ಲಿ ಅಂಥ ಮಕ್ಕಳಿಗಾಗಿಯೇ ಒಂದು ಸಂಘ ಕಟ್ಟಿದ. ಆ ಮಕ್ಕಳು ಅವನನ್ನು ‘ಡ್ಯಾಡಿ ಅಲೆನ್’ ಎಂದೇ ಕರೆಯುತ್ತಿದ್ದರು. ಅನೇಕ ಊರುಗಳ ರೋಟರಿ ಕ್ಲಬ್ಬುಗಳು ಅಲ್ಲಿಂದಾಚೆಗೆ ಈ ಮಕ್ಕಳ ಕೆಲಸವನ್ನು ತಮ್ಮದು ಮಾಡಿಕೊಂಡವು. ಆ ಕಾಲದಲ್ಲಿ ಮಕ್ಕಳ ಕಾಲು ಕಸಿಯುತ್ತಿದ್ದ ರೋಗಗಳಲ್ಲಿ ಪೋಲಿಯೊ ಮುಖ್ಯವಾದದ್ದು.

ಇಂಥ ಕೆಲಸಗಳ ಹಣದ ಮೂಲವೂ ಅಷ್ಟೇ ಸಣ್ಣದು. 1917ರಲ್ಲಿ ಆರ್ಚ್ ಕ್ಲಂಫ್ ಎಂಬ ರೋಟರಿ ಅಧ್ಯಕ್ಷ ಲೋಕೋಪಕಾರಕ್ಕಾಗಿ ಒಂದು ನಿಧಿ ಬೇಕೆಂದ. ಅದಕ್ಕೆ ಬಂದ ಮೊದಲ ದೇಣಿಗೆ ಕ್ಯಾನ್ಸಸ್ ಸಿಟಿ ಕ್ಲಬ್ಬಿನ 26 ಡಾಲರ್ 50 ಸೆಂಟ್. ಮೂವತ್ತು ವರ್ಷ ಆ ನಿಧಿ ಕುಂಟುತ್ತಾ ನಡೆಯಿತು. 1947ರ ಜನವರಿ 27ರಂದು ಪಾಲ್ ಹ್ಯಾರಿಸ್ ತೀರಿಕೊಂಡ. ಹೂವಿನ ಹಾರಗಳ ಬದಲು ಆ ಹಣವನ್ನು ನಿಧಿಗೆ ಕೊಡಿ ಎಂಬುದು ಅವನ ಅಪೇಕ್ಷೆಯಾಗಿತ್ತು. ನಿಧಿ ನಿಜವಾಗಿ ತುಂಬಿದ್ದು ಆಗ.

1979ರಲ್ಲಿ ರೋಟರಿ ಫಿಲಿಪ್ಪೀನ್ಸ್‌ನ ಮಕ್ಕಳಿಗೆ ಪೋಲಿಯೊ ಹನಿ ಕೊಡಿಸುವ ಕೆಲಸಕ್ಕೆ ಕೈಹಾಕಿತು. 60 ಲಕ್ಷ ಮಕ್ಕಳಿಗೆ ಹನಿ ಹಾಕಿಸುವ ಯೋಜನೆ ಅದು. ಅಲ್ಲಿ ಆದದ್ದು ಎಲ್ಲೆಡೆ ಯಾಕಾಗಬಾರದು ಎಂದು 1985ರಲ್ಲಿ ಇಡೀ ಲೋಕಕ್ಕೆ ಯೋಜನೆ ಹಾಕಿ 12 ಕೋಟಿ ಡಾಲರ್ ಕೂಡಿಸುವ ಸಂಕಲ್ಪ ಮಾಡಿದರು. 1988ರ ಹೊತ್ತಿಗೆ ಕೂಡಿದ್ದು 24 ಕೋಟಿಗೂ ಮಿಗಿಲು. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆಯ ಸಭೆ ಪೋಲಿಯೊ ನಿರ್ಮೂಲನೆಯ ಗುರಿ ಸಾರಿತು. ಆಗ 125 ದೇಶಗಳಲ್ಲಿ ವರ್ಷಕ್ಕೆ ಮೂರೂವರೆ ಲಕ್ಷ ಮಕ್ಕಳು ಪೋಲಿಯೊದಿಂದ ಕೈಕಾಲಿನ ಬಲ ಕಳೆದುಕೊಳ್ಳುತ್ತಿದ್ದರು.

ಭಾರತದಲ್ಲಿ ದಾರಿ ತೋರಿಸಿದವರಲ್ಲಿ ವೆಲ್ಲೂರಿನ ವೈರಾಣು ತಜ್ಞ ಡಾ. ಟಿ. ಜೇಕಬ್ ಜಾನ್ ಪ್ರಮುಖರು. ಒಂದು ಊರಿನ ಎಲ್ಲ ಮಕ್ಕಳಿಗೂ ಒಂದೇ ದಿನ ಹನಿ ಹಾಕಿದರೆ ವೈರಾಣುವಿಗೆ ಕಾಲಿಡಲು ಜಾಗ ಸಿಗುವುದಿಲ್ಲ ಎಂಬುದು ಅವರು ಪ್ರತಿಪಾದಿಸಿದ ವಿಧಾನ. 1994ರ ಅಕ್ಟೋಬರ್ 2ರಂದು ದೆಹಲಿಯಲ್ಲಿ, 1995ರಿಂದ ದೇಶದಲ್ಲೆಲ್ಲ ಪಲ್ಸ್ ಪೋಲಿಯೊ ಭಾನುವಾರ ಬಂತು. ಒಂದು ಸುತ್ತಿಗೆ 17 ಕೋಟಿ ಮಕ್ಕಳು, 20 ಲಕ್ಷಕ್ಕೂ ಹೆಚ್ಚು ಮಂದಿ ಕೆಲಸಗಾರರು. ಸರ್ಕಾರದ ಆರೋಗ್ಯ ಇಲಾಖೆ, ಅಂಗನವಾಡಿ ಕಾರ್ಯಕರ್ತೆಯರು, ಆಮೇಲೆ ಬಂದ ಆಶಾ ಕಾರ್ಯಕರ್ತೆಯರು, ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್, ಇವರೆಲ್ಲರ ನಡುವೆ ರೋಟರಿಯವರದೂ ಒಂದು ಕೈ. ಗೆಲುವಿನ ದೊಡ್ಡ ಪಾಲು ಬಿಸಿಲಲ್ಲಿ ಮನೆಮನೆ ತಿರುಗಿದ ಹೆಣ್ಣುಮಕ್ಕಳದು. ಜೀಪು ಒದಗಿಸುವುದು, ಮಂಜುಗಡ್ಡೆ ತಲುಪಿಸುವುದು, ಬೂತಿನಲ್ಲಿ ಕೂತವರಿಗೆ ಮಧ್ಯಾಹ್ನದ ಚಿತ್ರಾನ್ನದ ಪೊಟ್ಟಣ ತಂದುಕೊಡುವುದು, ಹನಿ ಬೇಡವೆನ್ನುವ ಮನೆಯ ಹಿರಿಯರ ಜೊತೆ ಕೂತು ಮಾತನಾಡುವುದು ಇಂಥ ಕೆಲಸಗಳನ್ನು ಕರ್ನಾಟಕದ ಊರೂರಿನ ಕ್ಲಬ್ಬುಗಳು ವರ್ಷವರ್ಷವೂ ಮಾಡಿವೆ.

ಆ ಬೂತಿನ ಮೇಜನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ನೀಲಿ ಬಣ್ಣದ ಲಸಿಕೆ ಪೆಟ್ಟಿಗೆ, ಒಳಗೆ ನಾಲ್ಕು ಬದಿಗೂ ಮಂಜಿನ ಪ್ಯಾಕು, ನಡುವೆ ಬೆರಳುದ್ದದ ಸೀಸೆ. ಸೀಸೆಯ ಚೀಟಿಯ ಮೇಲೆ ನೇರಳೆ ವೃತ್ತ, ವೃತ್ತದೊಳಗೆ ತಿಳಿಬಣ್ಣದ ಚೌಕ. ಬಿಸಿ ತಾಗಿದಷ್ಟೂ ಆ ಚೌಕ ಕಪ್ಪಾಗುತ್ತದೆ. ಚೌಕ ಸುತ್ತಲಿನ ವೃತ್ತದಷ್ಟೇ ಗಾಢವಾದರೆ ಆ ಸೀಸೆಯನ್ನು ಎಸೆಯಬೇಕು. ಬೂತಿನಲ್ಲಿ ಕೂತವರು ಪ್ರತಿ ಸೀಸೆ ತೆಗೆಯುವಾಗಲೂ ಮೊದಲು ನೋಡುವುದು ಆ ಚೌಕವನ್ನು. ಆಮೇಲೆ ಕೂಸಿನ ಕೆನ್ನೆ ಎರಡನ್ನೂ ಮೆತ್ತಗೆ ಒತ್ತಿದರೆ ಬಾಯಿ ತೆರೆಯುತ್ತದೆ. ಎರಡು ಹನಿ. ಕೂಸು ಮುಖ ಹಿಂಡುತ್ತದೆ, ಒಮ್ಮೊಮ್ಮೆ ಉಗುಳುತ್ತದೆ, ಉಗುಳಿದರೆ ಮತ್ತೆ ಎರಡು ಹನಿ. ಎಡಗೈಯ ಕಿರುಬೆರಳಿನ ಉಗುರಿಗೆ ಶಾಯಿ ಗುರುತು. ಭಾನುವಾರ ಬೂತು ಮುಗಿದರೆ ಸೋಮವಾರದಿಂದ ಮನೆ ಭೇಟಿ. ಎಲ್ಲ ಮಕ್ಕಳಿಗೂ ಹನಿ ಬಿದ್ದ ಮನೆಯ ಗೋಡೆಗೆ ಸೀಮೆಸುಣ್ಣದಲ್ಲಿ ‘ಪಿ’, ಬಾಗಿಲು ಹಾಕಿದ ಮನೆಗೂ ಮಗು ಉಳಿದುಹೋದ ಮನೆಗೂ ‘ಎಕ್ಸ್’. ‘ಎಕ್ಸ್’ ಬಿದ್ದ ಮನೆಗೆ ಮತ್ತೆ ಬರಲೇಬೇಕು.

ಉತ್ತರ ಪ್ರದೇಶ, ಬಿಹಾರಗಳಲ್ಲಿ ಕೊನೆಯ ಹೋರಾಟ ಬಿರುಸಾಗಿತ್ತು. 2009ರಲ್ಲಿ ದೇಶದಲ್ಲಿ 741 ಮಕ್ಕಳಿಗೆ ಪೋಲಿಯೊ ಬಂತು. 2010ರಲ್ಲಿ 42, 2011ರಲ್ಲಿ ಒಂದೇ ಒಂದು. ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯ ಎರಡು ವರ್ಷದ ಹೆಣ್ಣುಮಗು, 2011ರ ಜನವರಿ 13. ಭಾರತದಲ್ಲಿ ನೈಸರ್ಗಿಕ ಪೋಲಿಯೊ ವೈರಾಣುವಿನ ಕೊನೆಯ ಪ್ರಕರಣ ಅದೇ. ಆ ವರ್ಷವೇ ಜುಲೈಯಲ್ಲಿ ಗುಜರಾತಿನ ವಾಪಿಯ ಕಲ್ಯಾಣ್ ಬ್ಯಾನರ್ಜಿ ರೋಟರಿಯ ಜಾಗತಿಕ ಅಧ್ಯಕ್ಷರಾಗಿ ಅಧಿಕಾರ ವಹಿಸಿಕೊಂಡರು. ಮೂರು ವರ್ಷ ಒಂದೂ ಪ್ರಕರಣ ಕಾಣದ ಮೇಲೆ, 2014ರ ಮಾರ್ಚ್ 27ರಂದು, ಭಾರತವೂ ಸೇರಿದಂತೆ ಇಡೀ ಆಗ್ನೇಯ ಏಷ್ಯಾ ವಲಯ ಪೋಲಿಯೊ ಮುಕ್ತವೆಂಬ ಪ್ರಮಾಣಪತ್ರ ಸಿಕ್ಕಿತು.

711ನೇ ಕೊಠಡಿ ಇದ್ದ ಯೂನಿಟಿ ಕಟ್ಟಡ 1989ರಲ್ಲಿ ನೆಲಸಮವಾಯಿತು. ಅಭಿಮಾನಿಗಳು ಆ ಕೊಠಡಿಯ ಬಾಗಿಲು, ಮರಗೆಲಸಗಳನ್ನು ಬಿಚ್ಚಿ ತಂದು ಶಿಕಾಗೊ ಪಕ್ಕದ ಇವಾನ್‌ಸ್ಟನ್‌ನಲ್ಲಿರುವ ಕೇಂದ್ರ ಕಚೇರಿಯಲ್ಲಿ ಮತ್ತೆ ಜೋಡಿಸಿಟ್ಟಿದ್ದಾರೆ. ಶಿಕಾಗೊ ಕ್ಲಬ್ ಇವತ್ತಿಗೂ ಸಭೆ ಸೇರುತ್ತದೆ. ‘ರೋಟರಿ ಒಂದು’ ಎಂದೇ ಅದಕ್ಕೆ ಹೆಸರು.

ಇತ್ತ ಕರ್ನಾಟಕದಲ್ಲಿ ಐದು ವರ್ಷದೊಳಗಿನ 60 ಲಕ್ಷಕ್ಕೂ ಹೆಚ್ಚು ಮಕ್ಕಳಿಗಾಗಿ ಪೋಲಿಯೊ ಭಾನುವಾರ ಇನ್ನೂ ಬರುತ್ತಿದೆ. ಪಾಕಿಸ್ತಾನ, ಆಫ್ಘಾನಿಸ್ತಾನಗಳಲ್ಲಿ ವೈರಾಣು ಬದುಕಿರುವವರೆಗೆ ಅದು ಯಾವ ಬಸ್ಸು, ಯಾವ ವಿಮಾನ ಹತ್ತಿ ಬೇಕಾದರೂ ಬರಬಹುದು. ಆದ್ದರಿಂದ ಆ ದಿನ ಬಸ್ ನಿಲ್ದಾಣದಲ್ಲೂ ಬೂತು. ಕಬ್ಬು ಕಡಿಯಲು ಹೊರಟ ಕುಟುಂಬಗಳು, ಕಟ್ಟಡ ಕೆಲಸಕ್ಕೆ ಬೆಂಗಳೂರು ಸೇರುವವರು, ಜಾತ್ರೆಗೆ ಹೊರಟವರು, ಮನೆಯ ಗೋಡೆಯ ಮೇಲೆ ‘ಪಿ’ ಅಥವಾ ‘ಎಕ್ಸ್’ ಬರೆಸಿಕೊಳ್ಳಲಾಗದವರು, ಅಲ್ಲಿ ಸಿಗುತ್ತಾರೆ. ಹಳದಿ ಟೋಪಿಯ ಸ್ವಯಂಸೇವಕನೊಬ್ಬ ನರ್ಸಮ್ಮನ ಜೊತೆ ಪೆಟ್ಟಿಗೆ ಹಿಡಿದು ಹೊರಡಲು ನಿಂತ ಬಸ್ಸಿನ ಹಿಂಬಾಗಿಲಿನಿಂದ ಹತ್ತುತ್ತಾನೆ. “ಐದು ವರ್ಷದೊಳಗಿನ ಮಕ್ಕಳಿದ್ದಾರೇನಮ್ಮಾ?” ಎಂದು ಸೀಟು ಸೀಟಿಗೂ ಕೇಳುತ್ತಾ ಮುಂದೆ ಬರುತ್ತಾನೆ. ಮುಂದಿನ ಸಾಲೊಂದರಲ್ಲಿ ಸೆರಗಿನ ಮರೆಯಲ್ಲಿ ಮಲಗಿದ್ದ ಕೂಸಿನ ಬೆರಳು ನೋಡುತ್ತಾರೆ. ಗುರುತಿಲ್ಲ. ಕಂಡಕ್ಟರು ಸೀಟಿಯನ್ನು ಬಾಯಿಗಿಟ್ಟುಕೊಂಡವನು ಹಾಗೇ ತಡೆಯುತ್ತಾನೆ. ಎರಡು ಹನಿ, ಉಗುರಿಗೆ ಶಾಯಿ. ಇಬ್ಬರೂ ಮುಂಬಾಗಿಲಿನಿಂದ ಇಳಿದ ಮೇಲೆ “ರೈಟ್” ಎನ್ನುತ್ತಾನೆ. ಪಕ್ಕದ ಪ್ಲಾಟ್‌ಫಾರ್ಮಿಗೆ ಹಾವೇರಿ ಬಸ್ಸು ಬಂದು ನಿಂತಿರುತ್ತದೆ.